ಮಾರೆಪ್ಪ ಹೊಡೆಯದ ಗಂಟೆ

ಅಕ್ಕಿಆಲೂರಿನ ಹೈಸ್ಕೂಲೊಂದರಲ್ಲಿ ಮಾರೆಪ್ಪ ಜವಾನನಾಗಿ ಸೇರಿ ಇಪ್ಪತ್ತೊಂಬತ್ತು ವರ್ಷ. ಅವನ ಗಂಟೆ ಎಂದೂ ತಪ್ಪಿದ್ದಲ್ಲ. ಪಕ್ಕದ ಅಕ್ಕಿ ಗಿರಣಿಯವರು ಅದನ್ನು ಕೇಳಿಯೇ ಚಹಕ್ಕೆ ಏಳುತ್ತಿದ್ದರು. ಗೋಡೆಯ ಗಡಿಯಾರಕ್ಕೂ ಗಂಟೆಗೂ ತಾಳ ತಪ್ಪಿದರೆ ಹೆಡ್‌ಮಾಸ್ತರ ಕರಿಬಸಪ್ಪನವರು ಗಡಿಯಾರವನ್ನು ಬೈಯುತ್ತಿದ್ದರು. ಇದರಿಂದ ಮಾರೆಪ್ಪನಿಗೆ ತುಸು ಜಂಬವೂ ಬಂದಿತ್ತು. ಹೆಂಡತಿ ಕರೆವ್ವನ ರೊಟ್ಟಿ ಎರಡು ನಿಮಿಷ ತಡವಾದರೂ ಕೈಗಡಿಯಾರ ನೋಡಿಕೊಳ್ಳುತ್ತಿದ್ದ.

ಇಂಥವನಿಗೊಂದು ಗುಟ್ಟಿನ ಚಟವಿತ್ತು: ಬಾಗಿಲ ಮರೆಯಲ್ಲಿ ನಿಂತು ಪಾಠ ಕೇಳುವುದು. ಗಣಿತ ಬಂದರೆ ಕಾಲ್ಕೀಳುತ್ತಿದ್ದ. ಒಂಬತ್ತನೆಯ ತರಗತಿಗೆ ರಾಜಶ್ರೀ ಟೀಚರ್ ಫ್ರಾನ್ಸಿನ ಕ್ರಾಂತಿ ಹೇಳುವ ದಿನ ಮಾತ್ರ ಅಲುಗುತ್ತಿರಲಿಲ್ಲ. ರೊಟ್ಟಿಗಾಗಿ ಹೆಂಗಸರು ಅರಮನೆಗೆ ನುಗ್ಗಿದ್ದು, ರಾಜ ಬೆವೆತದ್ದು ಎಲ್ಲ ಬಾಯಿಪಾಠ. ಕೊನೆಗೆ ಟೀಚರ್ ದನಿ ಏರಿಸಿ, "ಹದಿನೇಳುನೂರಾ ಎಂಬತ್ತೊಂಬತ್ತರಾಗ ಘೋಷಣಾ ಆತು. ಮನುಷ್ಯರೆಲ್ಲಾ ಹುಟ್ಟಿನಿಂದ ಸ್ವತಂತ್ರರು, ಹಕ್ಕಿನೊಳಗ ಸಮಾನರು. ಆದ್ರ..." ಎನ್ನುತ್ತಿದ್ದರು. ಅಷ್ಟರಲ್ಲಿ ಹೊತ್ತಾಗುತ್ತಿತ್ತು. ಮಾರೆಪ್ಪ ಓಡಿಹೋಗಿ ತಾನೇ ಗಂಟೆ ಹೊಡೆಯಬೇಕು. ಮರುದಿನ ಬೇರೆ ಪಾಠ.

ಆ "ಆದ್ರ" ಆದಮೇಲೆ ಏನು? ಹನ್ನೊಂದು ವರ್ಷದಿಂದ ಇದೇ ಗೋಳು. ಕೇಳಿದ್ದರೆ ಟೀಚರ್ ಸಂತೋಷದಿಂದ ಹೇಳುತ್ತಿದ್ದರು. ಗಂಟೆ ಕಾಯುವವ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಾನೆಂದು ತಿಳಿದರೆ ಮರ್ಯಾದೆ ಏನಾದೀತೆಂದು ಇವನೇ ಬಾಯಿ ಹೊಲಿದುಕೊಂಡಿದ್ದ. ಈಗ ನೋಡಿದರೆ ಬರುವ ತಿಂಗಳು ನಿವೃತ್ತಿ. ಈ ಸಲ ತಪ್ಪಿದರೆ ಇನ್ನೆಂದೂ ಇಲ್ಲ.

ಅವತ್ತು ಟೀಚರ್ "ಆದ್ರ" ಅಂದರು. ಹೊತ್ತಾಗಿತ್ತು. ಮಾರೆಪ್ಪನ ಕಾಲು ಮಾತ್ರ ಏಳಲಿಲ್ಲ. ಟೀಚರ್ ತಮ್ಮ ವಾಚು ನೋಡಿ, ಇದೇ ಮುಂದೆ ಓಡುತ್ತಿದೆ ಎಂದುಕೊಂಡು ಪಾಠ ಮುಂದುವರಿಸಿದರು. ಗಿರಣಿಯವರೂ ಚಹಕ್ಕೆ ಏಳಲಿಲ್ಲ.

"ಆದ್ರ ಎರಡ ವರ್ಷಕ್ಕ ಸಂವಿಧಾನ ಬರದಾಗ, ಮೂರು ದಿನದ ಕೂಲಿಯಷ್ಟು ತೆರಿಗಿ ಕಟ್ಟೋರಿಗಷ್ಟ ಓಟು ಅಂದ್ರು. ಮನಿ ಆಳುಗಳಿಗೆ ಇಲ್ಲ."

"ಹಂಗಾರ ನಮ್ಮಂಥಾವ್ರಿಗೆ ಇಲ್ಲೇನ್ರಿ?" ಮಾರೆಪ್ಪನ ಬಾಯಿಂದ ಜಾರಿಯೇ ಹೋಯಿತು. ಇಡೀ ತರಗತಿ ಬಾಗಿಲ ಕಡೆ ತಿರುಗಿತು. ಅವನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ಟೀಚರ್ ನಗಲಿಲ್ಲ. "ಬರ್ರಿ ಮಾರೆಪ್ಪ, ಒಳಗ ಬಂದು ಕುಂದರ್ರಿ" ಎಂದರು. ಇಷ್ಟು ವರ್ಷ ಬೆಂಚಿನ ಧೂಳು ಒರೆಸಿದವ ಮೊದಲ ಸಲ ಅದರ ತುದಿಗೆ ಕೂತ. ಹದಿನೆಂಟುನೂರಾ ನಲವತ್ತೆಂಟಕ್ಕೆ ಗಂಡಸರಿಗೆಲ್ಲ ಓಟು ಬಂತೆಂದು ಕೇಳಿ ಉಸಿರು ಬಿಟ್ಟ.

"ಮತ್ತ ಹೆಣ್ಮಕ್ಕಳಿಗ್ರಿ?"

"ಹತ್ತೊಂಬತ್ತುನೂರಾ ನಲವತ್ನಾಕರಾಗ."

ಎರಡು ನಿಮಿಷದ ತಡಕ್ಕೇ ಮುಖ ಗಂಟಿಕ್ಕುವವನಿಗೆ ಇದನ್ನು ತಾಳಲಾಗಲಿಲ್ಲ. "ನೂರಾ ಐವತ್ತೈದು ವರ್ಷ ತಡಾ? ಅರಮನಿಗೆ ನುಗ್ಗಿದವ್ರು ಅವ್ರ ಅಲ್ರಿ?"

ಟೀಚರ್ ಅದಕ್ಕೆ ಉತ್ತರ ಹೇಳಲು ಶುರುಮಾಡಿದ್ದರು, ಅಷ್ಟರಲ್ಲಿ ಕರಿಬಸಪ್ಪನವರು ಧಾವಿಸಿ ಬಂದರು. "ಏನಪಾ ಮಾರೆಪ್ಪ, ಇಪ್ಪತ್ತು ನಿಮಿಷ ಆತು, ಗಂಟಿ ಯಾಕ ಹೊಡದಿಲ್ಲ?"

ಮಾರೆಪ್ಪ ಗಾಬರಿಯಿಂದ ಅರ್ಧ ಎದ್ದ. ಟೀಚರ ಮುಖ ನೋಡಿದ. ಮತ್ತೆ ಬೆಂಚಿನ ಮೇಲೆ, ಈ ಸಲ ಸರಿಯಾಗಿ ಒಳಗೆ ಸರಿದು ಕೂತು ಕೈ ಮುಗಿದ.

"ತಪ್ಪಾತ್ರಿ ಸರ್. ಇವತ್ತೊಂದಿನ ನೀವ ಹೊಡೀರಿ. ನಾ ಪಾಠ ಕೇಳಾಕತ್ತೇನಿ."