ಉಪ್ಪು ಸೊಳೆಯ ಭರಣಿಗೆ ಬಂದ ಫೋನ್

ಮೊನ್ನೆ ಸಂಜೆ ನಮ್ಮ ಮನೆಯ ಉಪ್ಪು ಸೊಳೆಯ ಭರಣಿಗೆ ಒಂದು ಫೋನ್ ಬಂತು. ಮಸ್ಕತ್‌ನಿಂದ.

ಯಾರೂ ಎತ್ತಲಿಲ್ಲ. ಎತ್ತುವ ಹಾಗೆಯೂ ಇರಲಿಲ್ಲ. ದೀಪ ಹಚ್ಚಿ ಆಗಿತ್ತು.

ತಲೆಬುಡ ಗೊತ್ತಾಗಲಿಲ್ಲ ಅಲ್ಲವೇ? ನಮಗೂ ಮೊದಲು ಗೊತ್ತಾಗಲಿಲ್ಲ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಮಗಳು ಅನ್ವಿ ಮೂರನೇ ಕ್ಲಾಸು. ಊಟಕ್ಕೆ ಕುಳಿತರೆ ಎದುರಿಗೆ ಮೊಬೈಲ್ ಬೇಕು. ಬಟ್ಟಲಲ್ಲಿ ಏನಿದೆ ಎಂದು ನೋಡುವ ಕ್ರಮವೇ ಇಲ್ಲ. ಒಮ್ಮೆ ಬಾಳೆ ಎಲೆಯಲ್ಲಿ ಬಡಿಸಿದಾಗ ಪಲ್ಯದ ಜೊತೆ ಎಲೆಯ ಒಂದು ತುಂಡನ್ನೂ ತಿಂದು ಮುಗಿಸಿದ್ದಾಳೆ. ಕೇಳಿದರೆ, ಪಲ್ಯ ಸ್ವಲ್ಪ ಬಲಿತಿತ್ತು ಎಂದಳು.

ಶಾಲೆಯಲ್ಲಿ ಹೆತ್ತವರ ಸಭೆ ಕರೆದಿದ್ದರು. ಟೀಚರ್ ಮೃದುವಾಗಿಯೇ ಹೇಳಿದರು: ಮಕ್ಕಳಿಗೆ ಬೈದು ಪ್ರಯೋಜನ ಇಲ್ಲ, ಮೊದಲು ನೀವು ಮೊಬೈಲ್ ಕೆಳಗಿಡಿ, ಮಾಡಿ ತೋರಿಸಿ. ಎಷ್ಟು ಒಳ್ಳೆಯ ಮಾತು! ನಾವು ಹೆತ್ತವರಲ್ಲಿ ಅರ್ಧದಷ್ಟು ಜನ ಅದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆವು. (ನಾನು ಸ್ಟೇಟಸ್‌ಗೂ ಹಾಕಿದೆ.)

ಮನೆಗೆ ಬಂದು ಒಪ್ಪಂದವಾಯಿತು. ಸಂಜೆ ದೀಪ ಹಚ್ಚಿದಲ್ಲಿಂದ ಊಟ ಮುಗಿಯುವ ತನಕ ಮನೆಯಲ್ಲಿ ಯಾರ ಕೈಯಲ್ಲೂ ಫೋನ್ ಇರಬಾರದು. ಷರತ್ತು ಹಾಕಿದ್ದು ಅನ್ವಿ.

"ನೀವಿಬ್ಬರೂ ಇಡಬೇಕು. ಒಬ್ಬರು ಕಳ್ಳಾಟ ಆಡಿದ್ರೂ ನಾನು ಪುನಃ ಊಟಕ್ಕೆ ಮೊಬೈಲ್ ತಗೊಳ್ತೇನೆ. ಮತ್ತೆ ಯಾರೂ ಎಂತ ಹೇಳ್ಲಿಕ್ಕಿಲ್ಲ."

ಒಪ್ಪಿದೆವು. ಒಪ್ಪುವುದಕ್ಕೆ ಎಂತ ಖರ್ಚು?

ಆದರೆ ಫೋನ್ ಇಡುವುದೆಲ್ಲಿ? ಫ್ರಿಜ್ಜಿನ ಮೇಲೆ ಇಟ್ಟರೆ ಕೈಗೆ ಸಿಗುತ್ತದೆ. ಕಪಾಟಿಗೆ ಬೀಗ ಉಂಟು, ಕೀ ಇಲ್ಲ. ಆಗ ನನ್ನ ಅಮ್ಮ ಎದ್ದು ಉಗ್ರಾಣಕ್ಕೆ ಹೋದರು. ಈ ಸಲದ ಮಾವಿನ ಮಿಡಿಯ ಉಪ್ಪಿನಕಾಯಿ ಬೇಗನೆ ಖಾಲಿಯಾಗಿ ಒಂದು ಭರಣಿ ಸುಮ್ಮನೆ ಕುಳಿತಿತ್ತು. ಅದನ್ನು ತೊಳೆದು ಒಣಗಿಸಿ ಫೋನಿಗೆ ಕೊಟ್ಟರು.

ನಮ್ಮ ಊರಿನ ಮನೆಗಳಲ್ಲಿ ಭರಣಿಗಿಂತ ಭದ್ರ ಜಾಗ ಯಾವುದುಂಟು ಹೇಳಿ? ಬ್ಯಾಂಕಿನ ಲಾಕರ್ ಆದರೂ ನಾವೇ ಹೋಗಿ ತೆರೆಯಬಹುದು. ಅಮ್ಮನ ಭರಣಿಯನ್ನು ಅಮ್ಮನಲ್ಲದೆ ಇನ್ನೊಬ್ಬರು ಮುಟ್ಟುವಂತಿಲ್ಲ. ಒದ್ದೆ ಕೈ ಆಗದು, ಮೀಯದೆ ಆಗದು, ಒಳಗೆ ಬಗ್ಗಿ ಮಾತಾಡಿದರೂ ಆಗದು. ಈ ಕಾನೂನೆಲ್ಲ ಫೋನಿಗೂ ಬಂತು. ಕೈ ತೊಳೆದು, ಒರೆಸಿ, ಫೋನನ್ನು ಸೈಲೆಂಟ್ ಮಾಡಿ, ಎರಡೂ ಕೈಯಲ್ಲಿ ಭರಣಿಗಿಳಿಸಬೇಕು. ಬಾಯಿಗೆ ಬಿಳಿ ಬಟ್ಟೆ ಮುಚ್ಚಿ ಅನ್ವಿ ತನ್ನ ಶಾಲೆಯ ರಿಬ್ಬನ್ ಕಟ್ಟುತ್ತಾಳೆ. ನನ್ನ ಫೋನಿಗೆ ಈಗಲೂ ಸಾಸಿವೆ, ಇಂಗಿನ ಪರಿಮಳ. ಮೂಡುಬಿದಿರೆಯ ನಮ್ಮ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮದುವೆ ಕಾಗದದ ಪಾರ್ಟಿಯವರು ಫೋನ್ ಮಾಡಿದರೆ ನನಗೆ ಗಂಜಿಯ ನೆನಪಾಗುತ್ತದೆ.

ಮತ್ತೇನಾಯಿತು ಗೊತ್ತೇ? ಮಗಳು ಮಾತಾಡಲು ಶುರು ಮಾಡಿದಳು.

ಅವಳ ಬೆಂಚಿನಲ್ಲಿ ಕೂರುವ ರಿಯಾನಾ ಎಂಬ ಹುಡುಗಿಗೆ ಹಲ್ಲು ಬಿದ್ದಿದೆಯಂತೆ. ಆ ಹಲ್ಲನ್ನು ಪೆನ್ಸಿಲ್ ಬಾಕ್ಸಿನಲ್ಲಿ ಇಟ್ಟುಕೊಂಡು ಬರುತ್ತಾಳಂತೆ. ಮರುದಿನದ ಸುದ್ದಿ: ಹಲ್ಲು ಕಾಣೆಯಾಗಿದೆ. ಅದರ ಮರುದಿನ: ಹಿಂದಿನ ಬೆಂಚಿನವನ ಮೇಲೆ ಸಂಶಯ. ಪ್ರೆಸ್ಸಿನಿಂದ ಬರುವಾಗ ಬಸ್ಸಿನಲ್ಲಿ ಕುಳಿತು ನಾನು, ಹಲ್ಲು ಎಲ್ಲಿ ಹೋಗಿರಬಹುದು ಎಂದು ಯೋಚಿಸತೊಡಗಿದೆ. ಇಷ್ಟು ವರ್ಷ ನನ್ನ ಮಗಳ ಬಾಯಲ್ಲಿ ಇಷ್ಟೆಲ್ಲ ಕಥೆ ಇತ್ತೇ? ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ, ಆಣೆಗೂ.

ಹಾಗಿದ್ದರೆ ಸುಮ್ಮನೆ ಕೂರಬಹುದಿತ್ತಲ್ಲ? ಕೂರಬಹುದಿತ್ತು. ಆದರೆ ನಾನು ಪ್ರತಿ ಸಂಜೆ ನಡುವಿನಲ್ಲಿ ಒಮ್ಮೆ ಎದ್ದು, "ಪಂಪ್ ಆಫ್ ಉಂಟಾ ನೋಡಿ ಬರ್ತೇನೆ" ಎಂದು ಹಿತ್ತಿಲಿಗೆ ಹೋಗುತ್ತಿದ್ದೆ. ಹಿತ್ತಿಲಿಗೆ ದಾರಿ ಉಗ್ರಾಣದಿಂದಲೇ. ಹೆಂಡತಿ ಲತಾ, "ಬಟ್ಟೆ ಒಣಗಿತಾ ನೋಡ್ತೇನೆ" ಎಂದು ಹೋಗುತ್ತಿದ್ದಳು. ಈ ಮಳೆಗೆ ನಮ್ಮಲ್ಲಿ ಒಂದು ಬನಿಯನ್ ಒಣಗಲು ಮೂರು ದಿನ ಬೇಕು. ಆದರೂ ನನಗೆ ಸಂಶಯ ಬರಲಿಲ್ಲ. ನನ್ನದೇ ಗಡಿಬಿಡಿಯಲ್ಲಿ ಇನ್ನೊಬ್ಬರ ಮೇಲೆ ಸಂಶಯ ಪಡಲು ಪುರುಸೊತ್ತೆಲ್ಲಿ?

ಈಗ ಮೊನ್ನೆಗೆ ಬರುವ.

ಮೊನ್ನೆ ಬೆಳಿಗ್ಗೆ ನಾನು ಫೋನಿನ ಭರಣಿಯ ಒಂದು ಫೋಟೋ ತೆಗೆದು, "ಸಂಜೆ ನಮ್ಮ ಮನೆಯಲ್ಲಿ ಫೋನ್ ಇಲ್ಲ, ಮಾತು ಉಂಟು" ಎಂದು ಬರೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. ಸಂಜೆ ನಾವು ಫೋನ್ ಮುಟ್ಟದೆ ಇರುವುದನ್ನು ಎಷ್ಟು ಜನ ಮೆಚ್ಚಿದರು ಎಂದು ಸಂಜೆಯೇ ನೋಡದೆ ಇರುವುದು ಹೇಗೆ? ಪಂಪಿನ ಹೆಸರು ಹೇಳಿ ಎದ್ದೆ.

ಉಗ್ರಾಣದಲ್ಲಿ ರಿಬ್ಬನ್ ಬಿಚ್ಚಿ ಕೈ ಹಾಕಿದೆ. ಒಳಗೆ ನನ್ನ ಫೋನ್ ಒಂದೇ ಇತ್ತು. (ಆಗ ಅದು ವಿಶೇಷ ಅನ್ನಿಸಲಿಲ್ಲ.) ಅಕ್ಕಿ ಗೋಣಿಯ ಮೇಲೆ ಕುಳಿತು ನೋಡಿದರೆ ಕೈ ಮುಗಿದವರೇ ಕೈ ಮುಗಿದವರು. ಕಲ್ಲಡ್ಕದ ಚಿಕ್ಕಮ್ಮ ವಾಯ್ಸ್ ಮೆಸೇಜ್ ಕಳಿಸಿದ್ದರು. ಕೇಳಲೆಂದು ಸೈಲೆಂಟ್ ತೆಗೆದೆ. ಮಸ್ಕತ್‌ನಲ್ಲಿರುವ ಬಾವ, ಅಂದರೆ ಲತಾಳ ಅಣ್ಣ, ಒಂದೇ ಪ್ರಶ್ನೆ ಕೇಳಿದ್ದರು: ಭರಣಿ ಎಷ್ಟು ಸೇರಿನದ್ದು? ಉತ್ತರ ಕೊಡದಿದ್ದರೆ ಮರ್ಯಾದೆಯಲ್ಲ. ಟೈಪ್ ಮಾಡಲು ಶುರು ಮಾಡಿದೆ.

ಕರೆಂಟ್ ಹೋಯಿತು. "ಅಪ್ಪಾ" ಎಂದು ಮಗಳ ಸ್ವರ, ಹಿಂದೆಯೇ ಹೆಜ್ಜೆಯ ಸದ್ದು.

ಫೋನಿನ ಬೆಳಕು ಆರಿಸಿ, ತಡಕಾಡಿ, ಬಟ್ಟೆ ಸಡಿಲವಾಗಿದ್ದ ಭರಣಿಯೊಳಗೆ ಬಿಟ್ಟೆ. ಖಾಲಿ ಭರಣಿಗೆ ಫೋನ್ ಬಿದ್ದರೆ ಟಕ್ ಎನ್ನಬೇಕು. ಇದು ಪಚಕ್ ಎಂದಿತು. ಆ ಗಳಿಗೆಯಲ್ಲಿ ಸದ್ದಿನ ವಿಮರ್ಶೆಗೆ ಕೂರಲು ಆಗುತ್ತದೆಯೇ? ಬಟ್ಟೆ ಮುಚ್ಚಿ ಈಚೆ ಬಂದುಬಿಟ್ಟೆ.

ಆದದ್ದು ಇಷ್ಟು. ಫೋನಿನ ಭರಣಿಯ ಪಕ್ಕದಲ್ಲೇ ಉಪ್ಪು ಸೊಳೆಯ ಭರಣಿ. ಬೇಸಿಗೆಯಲ್ಲಿ ಹಲಸಿನ ಸೊಳೆ ಬಿಡಿಸಿ ಕಲ್ಲುಪ್ಪು ಹಾಕಿ, ಮಳೆಗಾಲದ ರೊಟ್ಟಿ, ಪಲ್ಯಕ್ಕೆಂದು ಅಮ್ಮ ಕೂಡಿಟ್ಟದ್ದು. ಅಂದು ಮರುದಿನದ ರೊಟ್ಟಿಗೆಂದು ಎರಡು ಹಿಡಿ ಸೊಳೆ ತೆಗೆದು, ಲತಾ ಬಾವಿಯಿಂದ ಸೇದಿ ತಂದ ನೀರಿನಲ್ಲಿ ನೆನೆಹಾಕಿದ್ದರು. ಒದ್ದೆ ಕೈಯಲ್ಲಿ ಬಾಯಿ ಕಟ್ಟಬಾರದೆಂದು ಬಟ್ಟೆಯನ್ನು ಹಾಗೆಯೇ ಮುಚ್ಚಿ ಬಂದಿದ್ದರು.

ಕರೆಂಟ್ ಬಂತು. ನಾವು ನಾಲ್ವರೂ ಜಗಲಿಯಲ್ಲಿ ಸಭ್ಯಸ್ಥರಂತೆ ಕುಳಿತೆವು. ಅನ್ವಿ ಹಲ್ಲಿನ ಕಥೆ ತೆಗೆದಳು. ಸಂಶಯಿತನ ಬ್ಯಾಗು ಪರೀಕ್ಷಿಸಲು ಟೀಚರ್ ಬಂದರಂತೆ, ಬ್ಯಾಗಿನ ಜಿಪ್ ಎಳೆದರಂತೆ—

ಒಳಗೆ ಕೋಳಿ ಕೂಗಿತು.

ಅಮ್ಮ ಕಿವಿ ನಿಮಿರಿಸಿದರು. "ಹೊತ್ತು ಕಂತಿದ ಮೇಲೆ ಎಂತ ಕೋಳಿ ಮಾರಾಯ? ಒಳ್ಳೇದಲ್ಲ ಇದು."

(ನಮ್ಮ ಮನೆಯ ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ತರುವಾಗ ಅಮ್ಮನ ಬೈಗುಳ ಅರ್ಧ ದಾರಿಯಲ್ಲೇ ಚೆಲ್ಲಿಹೋಗಿದೆ.)

ಕೋಳಿ ಪುನಃ ಕೂಗಿತು. ಅದು ನನ್ನ ಫೋನಿನ ರಿಂಗ್‌ಟೋನ್. ಹಾಕಿಕೊಟ್ಟವಳು ಅನ್ವಿಯೇ. ಅವಳು ನನ್ನನ್ನು ಒಮ್ಮೆ ನೋಡಿ, ಎದ್ದು ನಡೆದಳು. ಹಿಂದೆ ನಾವು.

ಉಗ್ರಾಣದಲ್ಲಿ ಉಪ್ಪು ಸೊಳೆಯ ಭರಣಿ ಕೂಗುತ್ತಿತ್ತು. ಬಾಯಿಗೆ ನೀರು ತುಂಬಿಕೊಂಡು ಕೂಗುವ ಕೋಳಿಯ ಸ್ವರ. ಪಕ್ಕದ ಭರಣಿಯ ರಿಬ್ಬನ್ ಬಿಚ್ಚಿತ್ತು, ಒಳಗೆ ಏನೂ ಇರಲಿಲ್ಲ. ಕರೆಂಟ್ ಹೋದಾಗ ಹೆಗ್ಗಣ ಬಂದು ಎಳೆದು ಹಾಕಿರಬೇಕು ಎಂದು ನಾನು ಗಂಭೀರವಾಗಿ ಅಭಿಪ್ರಾಯಪಟ್ಟೆ.

"ಹೆಗ್ಗಣ ರಿಬ್ಬನ್ ಬಿಚ್ತದಾ ಅಪ್ಪ?"

ನಾನು ಹೆಗ್ಗಣಗಳ ಜಾಣತನದ ಬಗ್ಗೆ ಎರಡು ಮಾತು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅನ್ವಿ, ತನ್ನ ಅಮ್ಮನ ಫೋನ್ ಎಲ್ಲಿ ಎಂದು ಕೇಳಿದಳು. ಲತಾ ಕಣ್ಣು ಮಿಟುಕಿಸದೆ ಉಪ್ಪು ಸೊಳೆಯ ಭರಣಿ ತೋರಿಸಿ, ನಿನ್ನ ಅಪ್ಪ ಎರಡನ್ನೂ ಅಲ್ಲಿಗೇ ಹಾಕಿರಬೇಕು ಎಂದಳು. ನಾನು ದಂಗಾದೆ. ನಾನೇನೋ ಕಳ್ಳ ಹೌದು. ಆದರೆ ಇವಳ ಫೋನನ್ನು ನಾನು ಕಂಡದ್ದೇ ಇಲ್ಲವಲ್ಲ?

ಭರಣಿಗೆ ಕೈ ಹಾಕಲು ಹೊರಟೆ. ಅಮ್ಮ ಅಡ್ಡ ನಿಂತರು.

"ದೀಪ ಹಚ್ಚಿದ ಮೇಲೆ ಉಪ್ಪಿನ ಭರಣಿ ಬಾಯಿ ತೆಗೆಯುವ ಕ್ರಮ ಇಲ್ಲ. ಫೋನ್ ಅಲ್ಲ, ನೀನೇ ಒಳಗೆ ಬಿದ್ದಿದ್ರೂ ನಾಳೆ ಬೆಳಿಗ್ಗೆಯೇ."

ಈ ಕ್ರಮ ನಿಮಗೂ ಗೊತ್ತುಂಟು. ಮುಸ್ಸಂಜೆ ಕಳೆದ ಮೇಲೆ ಪಕ್ಕದ ಮನೆಯವರು ಒಂದು ಚಿಟಿಕೆ ಉಪ್ಪು ಕೇಳಿದರೂ ಅಮ್ಮ ಕೊಟ್ಟವರಲ್ಲ. ಹಾಗಾಗಿ ಭರಣಿ ಕೂಗುತ್ತಲೇ ಇತ್ತು, ನಾವು ಸುತ್ತ ನಿಂತೇ ಇದ್ದೆವು. ಕಾಲು ನೋಯತೊಡಗಿದಾಗ ಅಮ್ಮ ಚಾಪೆ ಹಾಸಿದರು. ನಾಲ್ವರೂ ಭರಣಿಯ ಸುತ್ತ ಚಕ್ಕಳಮಕ್ಕಳ ಹಾಕಿ ಕುಳಿತೆವು. ನೀರಿಗೆ ಬಿದ್ದರೂ ಹಾಳಾಗದ ಫೋನ್ ಎಂದು ಹೇಳಿಯೇ ಬಾವ ಅದನ್ನು ಮಸ್ಕತ್‌ನಿಂದ ತಂದುಕೊಟ್ಟದ್ದು. ಆದರೆ ಕಂಪನಿಯವರು ಉಪ್ಪು ಸೊಳೆಯಲ್ಲಿ ಹಾಕಿ ನೋಡಿದ್ದಾರೆಯೇ?

ಕೋಳಿ ಸುಮ್ಮನಾದ ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ವಸಂತಣ್ಣ ಕೊಡೆ ಮಡಚುತ್ತ ಓಡಿಬಂದರು. ಕೈಯಲ್ಲಿ ಫೋನ್, ಫೋನಿನಲ್ಲಿ ವೀಡಿಯೋ ಕಾಲ್, ಕಾಲ್‌ನಲ್ಲಿ ಬಾವ. ಅಮ್ಮ ಹೊಸ್ತಿಲಲ್ಲೇ ತಡೆದು, ಚಪ್ಪಲಿ ಹೊರಗೆ, ಫೋನ್ ಭರಣಿಗೆ ಎಂದರು.

"ಅದು ಹೇಗಮ್ಮ? ಇದರೊಳಗೆ ನಿಮ್ಮ ಸೊಸೆಯ ಅಣ್ಣ ಇದ್ದಾರೆ."

ಅಮ್ಮ ಒಂದು ಕ್ಷಣ ಯೋಚಿಸಿದರು. ನೆಂಟರನ್ನು ಭರಣಿಗೆ ಹಾಕುವುದು ಸರಿಯಲ್ಲ ಎಂದು ಒಳಗೆ ಬಿಟ್ಟರು.

ವಸಂತಣ್ಣ ಫೋನನ್ನು ನಮ್ಮತ್ತ ತಿರುಗಿಸಿದರು. ಮಸ್ಕತ್‌ನ ಎಸಿ ರೂಮಿನಲ್ಲಿ ಕುಳಿತ ಬಾವನಿಗೆ ಕಂಡದ್ದು: ಒಂದು ಭರಣಿ, ಸುತ್ತ ಕೈಕಟ್ಟಿ ಕುಳಿತ ತಂಗಿಯ ಇಡೀ ಕುಟುಂಬ.

"ಎಂತ ಬಾವ, ಭರಣಿಗೆ ಪೂಜೆ ಇಟ್ಟುಕೊಂಡಿದ್ದೀರಾ?"

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಬಾವನಿಗೆ ನಿಜವಾಗಿ ಹೆದರಿಕೆಯಾಗಿತ್ತು. ಅವರು ಒಳ್ಳೆಯ ಮನುಷ್ಯ, ಒಳಗೊಂದು ಹೊರಗೊಂದು ಇಲ್ಲ. ಅದೇ ನಮಗೆ ಮುಳುವಾಯಿತು.

"ಅಲ್ಲ ಬಾವ, ಎಷ್ಟು ಸೇರಿನದ್ದು ಅಂತ ಕೇಳಿದೆ. ನೀವು ಟೈಪ್ ಮಾಡ್ತಾ ಇದ್ದೀರಿ ಅಂತ ತೋರಿಸ್ತಾ ಇತ್ತು. ಮತ್ತೆ ಸಡನ್ ಎಂತದೂ ಇಲ್ಲ. ಬಿದ್ದಿರಾ ಎಂತ ಅಂತ ಗಾಬರಿ ಆಯ್ತು."

ಅಮ್ಮ ನನ್ನತ್ತ ತಿರುಗಿದರು. "ಟೈಪ್ ಮಾಡಿದ್ದು ಸಹ ಹೆಗ್ಗಣವಾ ಮಗ?"

ಲತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಆಗ ಬಾವ ಮುಂದುವರಿಸಿದರು. ನನಗೆ ಮಾಡುವ ಮೊದಲೇ ಲತಾಳಿಗೂ ಫೋನ್ ಮಾಡಿದ್ದರಂತೆ. ಅದಕ್ಕೂ ಸ್ವಲ್ಪ ಮೊದಲಷ್ಟೇ ಅವಳು ಅವರ ಮೆಸೇಜಿಗೆ ನಗುವ ಮುಖ ಹಾಕಿದ್ದಳಂತೆ, ಆಮೇಲೆ ಅವಳೂ ಎತ್ತಲಿಲ್ಲವಂತೆ. ತಂಗಿಯ ಫೋನಾದರೂ ಸರಿ ಉಂಟಾ ನೋಡುವ ಎಂದು ಕಟ್ ಮಾಡಿ ಪುನಃ ಅವಳ ನಂಬರಿಗೆ ಹಚ್ಚಿದರು. ಮೂಲೆಯಲ್ಲಿದ್ದ ಒಗೆದ ಬಟ್ಟೆಯ ಬುಟ್ಟಿ ನಡುಗಿತು. ನನ್ನ ಒಣಗದ ಬನಿಯನ್‌ನ ಒಳಗಿಂದ ನೀಲಿ ಬೆಳಕು ಬಂತು.

ಆ ಬೆಳಕಿನಲ್ಲಿ ನಾನೂ ಲತಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮದುವೆಯಾದ ಮೇಲೆ ಅಷ್ಟು ಅನ್ಯೋನ್ಯವಾಗಿ ನೋಡಿಕೊಂಡದ್ದು ನೆನಪಿಲ್ಲ.

ವಸಂತಣ್ಣ ಮೆಲ್ಲಗೆ ಕೊಡೆ ಬಿಡಿಸಿ ಹೊರಟರು. ಈಗ ಮಗಳು ಏನು ಹೇಳುತ್ತಾಳೋ ಎಂದು ಕಾದೆವು. ಗೆದ್ದವಳು ಅವಳು. ಮೊಬೈಲ್ ಕೇಳಿದರೆ ಷರತ್ತಿನ ಪ್ರಕಾರ ಕೊಡಲೇಬೇಕು.

ಕೇಳಲಿಲ್ಲ. ಹಸಿವಾಗ್ತಾ ಉಂಟು ಎಂದಷ್ಟೇ ಹೇಳಿದಳು. ಬಟ್ಟಲು ನೋಡಿಕೊಂಡೇ ಉಂಡಳು, ಕೈ ತೊಳೆದಳು, ಅಜ್ಜಿಯ ಹತ್ತಿರ ಹೋಗಿ ಮಲಗಿದಳು. ಹಲ್ಲಿನ ಸುದ್ದಿ ಅಂದು ಅಲ್ಲಿಗೇ ನಿಂತಿತು. ಬ್ಯಾಗಿನ ಜಿಪ್ ಎಳೆದಾಗ ಏನು ಸಿಕ್ಕಿತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವಳು ಕಿರುಚಿದ್ದರೆ ಒಳ್ಳೆಯದಿತ್ತು.

ಬೆಳಿಗ್ಗೆ ಅಮ್ಮ ಮಿಂದು, ಒಣ ಸೌಟಿನಲ್ಲಿ ಫೋನನ್ನು ಮೇಲೆತ್ತಿದರು. ಮೈಯೆಲ್ಲ ಉಪ್ಪು ಹತ್ತಿ ಬೆಳ್ಳಗಾಗಿತ್ತು, ಜೀವ ಇತ್ತು. ಮೇಲಿನ ಪದರದ ಸೊಳೆ ವಸಂತಣ್ಣನ ದನಕ್ಕೆ ಹೋಯಿತು. ಉಳಿದದ್ದಕ್ಕೆ ಏನೂ ಆಗಿಲ್ಲ, ಉಪ್ಪಿನಲ್ಲಿ ಬಿದ್ದದ್ದು ಕೆಡುವುದುಂಟಾ ಎಂದು ಅಮ್ಮ ತೀರ್ಪು ಕೊಟ್ಟರು. ಬೆಳ್ತಂಗಡಿಯ ಮೊಬೈಲ್ ಅಂಗಡಿಯ ಹುಡುಗ ಫೋನನ್ನು ಮೂಗಿಗೆ ಹಿಡಿದು, ಇದಕ್ಕೆ ಎಂತ ಹಾಕಿದ್ದೀರಿ ಸರ್ ಎಂದು ಕೇಳಿದ. ಹಲಸು ಎಂದೆ. ಈಗ ಯಾರು ಫೋನ್ ಮಾಡಿದರೂ ಕೆರೆಯ ತಳದಿಂದ ಮಾತಾಡಿದ ಹಾಗೆ ಕೇಳುತ್ತದೆ. (ಪ್ರೆಸ್ಸಿನ ಪಾರ್ಟಿಯವರೇ, ನಾನು ಫೋನ್ ಕಟ್ ಮಾಡುವುದಲ್ಲ.)

ಆ ಸಂಜೆ ದೀಪ ಹಚ್ಚುವ ಮೊದಲೇ ನಾನೂ ಲತಾಳೂ ಮಗಳೆದುರು ನಿಂತು, ಇನ್ನು ಹೀಗಾಗದು ಎಂದು ಹೇಳಿ, ಎರಡೂ ಫೋನನ್ನು ಅವಳ ಕಣ್ಣೆದುರೇ ಭರಣಿಗಿಳಿಸಿದೆವು. ಅವಳು ರಿಬ್ಬನ್‌ಗೆ ಎರಡು ಗಂಟು ಹೆಚ್ಚು ಹಾಕಿದಳು. ಜಗಲಿಗೆ ಬಂದು ಕುಳಿತೆವು. ಅಮ್ಮ ಬತ್ತಿ ಹೊಸೆಯತೊಡಗಿದರು.

ಆಮೇಲೆ ಅವಳೇ, "ಜಿಪ್ ಎಳೆದ್ರಲ್ಲ, ಅದರೊಳಗೆ ಎಂತ ಇತ್ತು ಗೊತ್ತುಂಟಾ" ಎಂದಳು.

ನನಗೆ ಎಷ್ಟು ಖುಷಿಯಾಯಿತು ಎಂದು ಹೇಗೆ ಹೇಳಲಿ? ಲತಾ ನನ್ನ ಕೈ ಚಿವುಟಿದಳು. ಅಮ್ಮ ಕೂಡ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ಮಾಡಿ ತೋರಿಸಿ ಎಂದಿದ್ದರಲ್ಲ ಟೀಚರ್, ಇದೇ ನೋಡಿ, ಮಾಡಿ ತೋರಿಸಿದೆವು ಎಂದುಕೊಂಡೆ. ಬ್ಯಾಗಿನೊಳಗೆ ಒಂದು ಬೆಂಕಿಪೆಟ್ಟಿಗೆ ಇತ್ತಂತೆ. ಅಲುಗಿಸಿದರೆ ಟಕಟಕ ಎಂದಿತಂತೆ. ಟೀಚರ್ ಅದನ್ನು ತೆರೆದರಂತೆ—

ಅಲ್ಲಿಗೆ ನಿಲ್ಲಿಸಿ ಅನ್ವಿ ಎದ್ದಳು. ಮೈಮುರಿದಳು. ಥೇಟ್ ನನ್ನದೇ ಸ್ವರದಲ್ಲಿ, "ಪಂಪ್ ಆಫ್ ಉಂಟಾ ನೋಡಿ ಬರ್ತೇನೆ" ಎಂದು ಉಗ್ರಾಣದ ಕಡೆ ಹೋದಳು.

ನಮ್ಮ ಪಂಪು ರಿಪೇರಿಗೆಂದು ಗುರುವಾಯನಕೆರೆಗೆ ಹೋಗಿ ಕುಳಿತು ಅದಾಗಲೇ ಎರಡನೇ ವಾರ.