ಅತ್ತಿಯ ಚಿಗುರು ಮುರಿದ ಕೈ

ಅತ್ತಿಮರವನ್ನು ಬುಡಕ್ಕೆ ಕಡಿದರೂ ಅದು ಸಾಯುವುದಿಲ್ಲ. ಹಿತ್ತಲಿದ್ದವರಿಗೆಲ್ಲ ಇದು ಗೊತ್ತಿರಬೇಕು. ಗೊತ್ತಿದ್ದೂ ಕಡಿಸುತ್ತಾರೆ, ಆಮೇಲೆ ಬೊಡ್ಡೆಯ ಸುತ್ತ ಚಿಗುರು ಕಂಡು ಹೌಹಾರುತ್ತಾರೆ.

ಹುಮನಾಬಾದಿನ ಕಾಳಿನ ವ್ಯಾಪಾರಿ ವೈಜನಾಥನ ಮನೆಯಲ್ಲಿ ಆದದ್ದೂ ಇದೇ. ದೂರದೇಶದಲ್ಲಿ ದೊಡ್ಡ ಲಡಾಯಿ ಶುರುವಾದ ಸುದ್ದಿ ಬಂದ ವರ್ಷ. ಹಿತ್ತಲಿನ ಅತ್ತಿಯ ಬೇರು ಬಾವಿಯ ಗೋಡೆಯೊಳಗೆ ನುಗ್ಗಿ, ಮಳೆಗೆ ಕಲ್ಲುಗಳು ಸಡಿಲಾಗಿ ನೀರಿಗೆ ಬಿದ್ದವು. ಕಡಿಸದೆ ಗತಿಯಿರಲಿಲ್ಲ. ಆದರೆ ಅತ್ತಿ ಎಂದರೆ ದತ್ತನ ಮರ. ಅದಕ್ಕೆ ನೋವು ಮಾಡಿದ ಕೈ ಬಸುರಿಯನ್ನು ಮುಟ್ಟಿದರೆ ಕೂಸು ಉಳಿಯುವುದಿಲ್ಲ ಎಂದು ಆ ಓಣಿಯವರ ಹೆದರಿಕೆ. ವೈಜನಾಥನ ಹೆಂಡತಿ ತುಳಜಾಬಾಯಿ ಆಗ ಬಸುರಿ. ಅವನ ತಾಯಿ ಮಾಣಿಕಮ್ಮ ಮರಕ್ಕೆ ಕಾಯಿ ಒಡೆಸಿ, ತಪ್ಪಾಯಿತೆಂದು ಕೈಮುಗಿದು, ಸೊಸೆಯನ್ನು ಕಲ್ಯಾಣದ ತವರಿಗೆ ಕಳಿಸಿ, ಕೊಡಲಿಯ ಕೆಲಸಕ್ಕೆ ಅಬ್ದುಲ್ ಕರೀಮನನ್ನು ಕರೆಸಿದಳು.

“ನಿಮ್ಮ ದೇವ್ರಿಗೆ ನನ್ನ ಹೆಸರ ಗೊತ್ತಿಲ್ಲಂತ ಕರಸೀರೇನ್ರಿ ಅವ್ವಾರ?” ಎಂದು ನಕ್ಕು ಅವನು ಮರ ಉರುಳಿಸಿದ. ಬೇರು ಅಗೆದರೆ ಬಾವಿಯೇ ಕುಸಿದೀತು, ಚಿಗುರು ಬಂದ ಹಾಗೆಲ್ಲ ಮುರಿಯುತ್ತಿರಿ, ಬೇರು ತಾನೇ ದಣಿದು ಸಾಯುತ್ತದೆ ಎಂದ. ಅದಕ್ಕೂ ನೀನೇ ಬಾ ಎಂದರೆ, “ನಾ ಮರ ಕಡಿಯಾಂವ ಸಾವಕಾರ್ರ, ಕೊತ್ತಂಬರಿ ಸೋಸಾಂವ ಅಲ್ಲ,” ಎಂದು ಕೊಡಲಿ ಹೆಗಲಿಗೇರಿಸಿ ಹೊರಟುಹೋದ.

ಆ ಮಳೆ ಮುಗಿಯುವ ಮೊದಲೇ ಚಿಗುರು ಬಂತು. ಮನೆಯವರು ಯಾರೂ ಮುಟ್ಟಲೊಲ್ಲರು. ಆಗ ಅವರ ಕಣ್ಣಿಗೆ ಬಿದ್ದವಳು ಗಯಾಬಾಯಿ.

ಗಯಾಬಾಯಿ ದುಬಲಗುಂಡಿಯ ಕೂಲಿ ಹೆಂಗಸು, ವಿಧವೆ. ಹೊಲದ ಕೆಲಸವಿಲ್ಲದಾಗ ನಡೆದು ಬಂದು ಆ ಹಿತ್ತಲಲ್ಲಿ ಕುಳಿತು ತೊಗರಿ, ಜೋಳ ಹಸನು ಮಾಡುತ್ತಿದ್ದಳು. ಬಾವಿಯ ಹಗ್ಗವನ್ನು ಅವಳು ಮುಟ್ಟುವ ಹಾಗಿರಲಿಲ್ಲ. ನೀರಡಿಸಿದರೆ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಬೊಡ್ಡೆಯನ್ನು ಮಾತ್ರ ಮುಟ್ಟಬಹುದು ಎಂದಾಯಿತು.

“ಗಯಾ, ಹೋಗಾಗ ಅದನ್ನೊಂದೀಟು ಮುರದ ಒಗದ ಹೋಗ,” ಎಂದಳು ಮಾಣಿಕಮ್ಮ, ಕಸ ಗುಡಿಸು ಎನ್ನುವ ಹಾಗೆ.

ಮುರಿದಳು. ಅತ್ತಿಯ ಚಿಗುರು ಮುರಿದರೆ ಹಾಲು ಸುರಿಯುತ್ತದೆ. ಬೆರಳ ಸಂದಿಗಳಲ್ಲಿ ಆ ಬಿಳಿ ಹಾಲು ಇಳಿಯುವುದನ್ನು ನೋಡಿ ಗಯಾಬಾಯಿಗೆ ಓಣಿಯವರ ಮಾತು ನೆನಪಾಯಿತು. ದುಬಲಗುಂಡಿಯ ಗುಡಿಸಲಿನಲ್ಲಿ ಅವಳ ಒಬ್ಬಳೇ ಮಗಳು ದ್ರೌಪತಿ ಹೆರಿಗೆಗೆ ಬಂದಿದ್ದಳು. ಮೊದಲ ಬಸಿರು ನಿಂತಿರಲಿಲ್ಲ.

ದಾರಿಯ ಹಳ್ಳದಲ್ಲಿ ಮಣ್ಣು ಹಚ್ಚಿ ಕೈ ತಿಕ್ಕಿದಳು. ಮನೆಯಲ್ಲಿ ಬೂದಿ ಹಚ್ಚಿ ತಿಕ್ಕಿದಳು. ಅಂಟು ಹೋದರೂ ಕಲೆ ಹೋಗಲಿಲ್ಲ. ಮಗಳು ಎಣ್ಣೆಯ ಬಟ್ಟಲು ಮುಂದಿಟ್ಟು ಬೆನ್ನು ತಿರುಗಿಸಿ ಕೂತರೆ, ತಾಯಿ ಉರಿಯುತ್ತಿರುವ ಒಲೆಯನ್ನೇ ಊದುತ್ತ ಕೂತಳು.

“ಯಾಕವ್ವಾ, ನನ್ನ ಮುಟ್ಟಾಕ ಹೇಸ್ಕೊಳ್ಳಾಕತ್ತೀಯೇನು?”

“ಕೈ ಬಿರಕ ಬಿಟ್ಟಾವ. ಚುಚ್ಚತಾವ ನಿನಗ.”

“ಹುಟ್ಟಿದಾಗಿಂದ ಚುಚ್ಚತಾವ. ಈಗ ಹೊಸದೇನದ?”

ಗಯಾಬಾಯಿ ಒಲೆಗೆ ಇನ್ನೊಂದು ಕಟ್ಟಿಗೆ ಸರಿಸಿದಳು. ನಿಜ ಹೇಳಿದರೆ ಆ ಹೆದರಿಕೆ ಮಗಳ ಎದೆಯಲ್ಲೂ ಹೋಗಿ ಕೂರುತ್ತದೆ.

ಮತ್ತೆ ಹುಮನಾಬಾದಿಗೆ ಹೋದಾಗ ಒಂದು ಮುರಿದಲ್ಲಿ ನಾಲ್ಕಾರು ಎದ್ದಿದ್ದವು. ಅವಳು ಧೈರ್ಯ ಮಾಡಿದಳು.

“ಅವ್ವಾರ, ಇದೊಂದು ಕೆಲಸ ನನಗ ಬ್ಯಾಡ್ರಿ.”

“ಯಾಕ, ಹುಲಿ ಕೂತದೇನು ಅಲ್ಲಿ?”

“ನನ್ನ ಮಗಳು ಬಸುರಿದಾಳ್ರಿ.”

“ಗೊತ್ತದ,” ಎಂದಳು ಮಾಣಿಕಮ್ಮ. “ಕೂಸು ಹುಟ್ಟಲಿ, ಉಡಾಕ ಒಂದು ಪತ್ತಲ ಕೊಡ್ತೇನಿ. ನಮ್ಮ ಸೊಸಿನೂ ಬಸುರಿ ಅಲಾ? ನಾವು ಹ್ಯಾಂಗ ಮುಟ್ಟಬೇಕು, ನೀನೇ ಹೇಳು.”

ಗೊತ್ತಿತ್ತು! ಪಾಪ ತಗಲುತ್ತದೆ ಎಂದು ನಂಬಿದ್ದಕ್ಕೇ ತಾನು ಮುಟ್ಟಲಿಲ್ಲ. ತಗಲಿದರೆ ಇವಳಿಗೆ ತಗಲಲಿ ಎಂದು ಮುಟ್ಟಿಸಿದಳು. ಮಾಣಿಕಮ್ಮ ಕೆಟ್ಟವಳೇನಲ್ಲ. ಗುರುವಾರ ಉಪವಾಸ ಇರುವವಳು, ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸದವಳು. ಅದಕ್ಕೇ ಸಿಟ್ಟು ಬರುತ್ತದೆ. ಕೆಟ್ಟವರು ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಒಲ್ಲೆ ಎಂದರೆ ಕಾಳು ಹಸನು ಮಾಡುವ ಕೆಲಸವೂ ತಪ್ಪುತ್ತದೆ. ಬಾಣಂತಿಗೆ ನುಚ್ಚಾದರೂ ಬೇಕಲ್ಲ? ಗಯಾಬಾಯಿ ಕುಕ್ಕರಗಾಲಿನಲ್ಲಿ ಕೂತು ಎಲ್ಲವನ್ನೂ ಮುರಿದಳು.

ದ್ರೌಪತಿಗೆ ನೋವು ಶುರುವಾದದ್ದು ಒಂದು ಮುಂಜಾನೆ. ಸೂಲಗಿತ್ತಿ ಚಂದಮ್ಮ ಒಳಗಿನಿಂದ ಕೂಗಿದಳು: “ಗಯಾಬಾಯಿ, ಬಾ, ಹಿಂದಿಂದ ತೆಕ್ಕಿ ಹಿಡಿ!”

ಗಯಾಬಾಯಿ ಹೊಸ್ತಿಲಾಚೆ ನಿಂತೇ ಇದ್ದಳು.

“ಅಲ್ಲಿ ನಿಂತು ಪಂಚಾಯ್ತಿ ಮಾಡಾಕತ್ತೀಯೇನು? ಹಡಿಯಾಕಿ ನಿನ್ನ ಮಗಳೋ ನನ್ನ ಮಗಳೋ?”

ಒಳಗೆ ದ್ರೌಪತಿ ಅವ್ವಾ, ಅವ್ವಾ ಎಂದು ಕರೆಯುತ್ತಲೇ ಇದ್ದಳು. ತಾಯಿ ಎರಡೂ ಕೈ ಕಂಕುಳಲ್ಲಿ ಒತ್ತಿಕೊಂಡಳು. ಕೊನೆಗೆ ಪಕ್ಕದ ಮನೆಯಾಕೆ ಹೋಗಿ ಹಿಡಿದಳು. ಬಿಸಿಲೇರಿದ ಮೇಲೆ ಕೂಸು ಅತ್ತಿತು. ಹೆಣ್ಣು. ಬದುಕಿತು. ಗಯಾಬಾಯಿ ಸೆರಗನ್ನು ಎರಡೂ ಅಂಗೈಗೆ ಸುತ್ತಿಕೊಂಡು ಮೊಮ್ಮಗಳನ್ನು ಎತ್ತಿಕೊಂಡಳು.

“ಕೂಸೇನು ಹಂಚಿನ ಮ್ಯಾಲಿನ ಬಿಸಿ ಭಕ್ಕರಿಯೇನ, ಸೆರಗಿಲೆ ಹಿಡಿಯಾಕ?” ಎಂದಳು ಚಂದಮ್ಮ. ಹೆಂಗಸರು ನಕ್ಕರು. ಗಯಾಬಾಯಿ ಸೆರಗು ಬಿಚ್ಚಲಿಲ್ಲ.

ಕಲ್ಯಾಣದಲ್ಲಿ ತುಳಜಾಬಾಯಿಯೂ ಹಡೆದಳು, ಗಂಡು. ಏನೂ ಕೇಡಾಗಲಿಲ್ಲ. ಹಾಗಾದರೆ ವೈಜನಾಥನ ಮನೆಯವರು ಇನ್ನು ತಮ್ಮ ಹಿತ್ತಲಿನ ಚಿಗುರನ್ನು ತಾವೇ ಮುರಿಯಬಹುದಿತ್ತಲ್ಲ? ಇಲ್ಲ. ಗಯಾಬಾಯಿಯ ಕೈಗುಣ ಒಳ್ಳೆಯದು ಎಂದರು! ಬೇರೆ ಓಣಿಯವರೂ ಕರೆಸಿದರು, ಗೋಡೆಯ ಅರಳಿಗೆ, ಕಟ್ಟೆಯ ಆಲಕ್ಕೆ. ತುಳಜಾಬಾಯಿಯ ತವರಿನವರು ಕಲ್ಯಾಣದಿಂದ ಗಾಡಿ ಕಳಿಸಿದರು. ಒಂದು ಮನೆಗೆ ಹೋದವಳು ಇನ್ನೊಂದಕ್ಕೆ ಒಲ್ಲೆ ಎನ್ನಲು ಆಗಲಿಲ್ಲ.

ಕೂಸು ಬದುಕಿದ್ದರಿಂದ ಅವಳ ಹೆದರಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮೊದಲು ಹೊಟ್ಟೆಯಲ್ಲಿದ್ದದ್ದು ಈಗ ಅಂಗಳದಲ್ಲಿ ಓಡಾಡುತ್ತದೆ, ಅಜ್ಜಿಯನ್ನು ಕಂಡರೆ ಆಯಿ ಎನ್ನುತ್ತದೆ. ಅದಕ್ಕೆ ಜ್ವರ ಬಂದಾಗಲೆಲ್ಲ ಗಯಾಬಾಯಿ ತನ್ನ ಕೈ ನೋಡಿಕೊಳ್ಳುತ್ತಾಳೆ. ಲಡಾಯಿ ಮುಗಿಯಿತು, ಹುಡುಗಿ ಎಮ್ಮೆ ಹೊಡೆದುಕೊಂಡು ಹೋಗುವಷ್ಟಾದಳು. ಆಯಿಯ ಬರಿಯ ಅಂಗೈ ಹೇಗಿರುತ್ತದೆ ಎಂದು ಅವಳಿಗೆ ಇಂದಿಗೂ ಗೊತ್ತಿಲ್ಲ.

ಈ ಮಳೆಗೂ ನಿಮ್ಮ ಹಿತ್ತಲಲ್ಲಿ ಚಿಗುರು ಎದ್ದಿರುತ್ತದೆ. ಪಾಪವಿದೆ ಎಂದು ನಂಬುವವರಾದರೆ ಆ ಪಾಪ ನಿಮ್ಮದು, ನಿಮ್ಮ ಬಾವಿಯದು. ಇಲ್ಲ ಎನ್ನುವವರಾದರೆ ಹೆದರಿಕೆ ಯಾತಕ್ಕೆ? ದುಬಲಗುಂಡಿಗೆ ಹೇಳಿ ಕಳಿಸಬೇಡಿ. ಏಳಿ, ಹಿತ್ತಲಿಗೆ ಹೋಗಿ, ನಿಮ್ಮ ಕೈಯಿಂದಲೇ ಮುರಿಯಿರಿ.