ಎಡಕ್ಕೆ ಸರಿಸಿದ ಬೆಲ್ಲ

ಬೈಲಹೊಂಗಲದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಹನ್ನೆರಡು ವರ್ಷ ದುಡಿದು, ಮಾರ್ಕೆಟಿಂಗಿಗೆ ಹೋಗಬೇಕೆಂದು ರಾಜೀನಾಮೆ ಕೊಟ್ಟು ಎಂಬಿಎಗೆ ಬಂದಿದ್ದರು ಅವರು. ತರಗತಿಯ ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಮೆಸ್ಸಿನ ಮಜ್ಜಿಗೆಯನ್ನೂ ಬೆಳಕಿಗೆ ಹಿಡಿದು "ಮೊದಲ ನೋಡೂಣು" ಎನ್ನುವರು. ಒಪ್ಪಿದ್ದನ್ನು ಬಲಕ್ಕಿಡುವರು, ಒಪ್ಪದ್ದನ್ನು ಎಡಕ್ಕೆ ಸರಿಸುವರು. ಲ್ಯಾಬಿನ ರೂಢಿ ಕೈ ಬಿಟ್ಟಿರಲಿಲ್ಲ.

ಕೊನೆಯ ಕ್ಯಾಂಪಸ್ ಸಂದರ್ಶನ ಬೆಲ್ಲದ ಕಂಪನಿಯೊಂದರದು. ಹುದ್ದೆ ಒಂದೇ, ಉಳಿದವರು ಕಾಕಾ ಮತ್ತು ನಾನು. ಇಬ್ಬರನ್ನೂ ಒಟ್ಟಿಗೆ ಕೂರಿಸಿದ ಅಧಿಕಾರಿ, ಹಳದಿ ಬೆಲ್ಲದ ಅಚ್ಚೊಂದನ್ನು ಕಾಕಾ ಮುಂದಿಟ್ಟರು.

"ಇದನ್ನ ನಮಗ ಮಾರ್ರಿ."

ಕಾಕಾ ಅಚ್ಚನ್ನು ಕಿಟಕಿಯತ್ತ ಹಿಡಿದರು, ಚೂರು ಮುರಿದು ನಾಲಿಗೆಗೆ ಹಚ್ಚಿದರು. ಹೊಗಳದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ಬಣ್ಣ ಹೊಳಿಲಿ ಅಂತ ಕೆಮಿಕಲ್ ಭಾಳ ಹಾಕ್ಯಾರ್ರಿ. ಹೆಂಗ ಮಾರೂದು?" ಎಂದು ಅದನ್ನು ಮೆಲ್ಲಗೆ ಎಡಕ್ಕೆ ಸರಿಸಿದರು.

ಅಧಿಕಾರಿ ಅದೇ ಅಚ್ಚನ್ನು ನನ್ನ ಮುಂದಿಟ್ಟರು. ನಾನು ಮುಟ್ಟಿಯೂ ನೋಡದೆ ಹೊಗಳಿದೆ. ಕೆಲಸ ನನ್ನದಾಯಿತು.

ಹೊರಗೆ ಕಾಕಾ ನನ್ನ ಕೈ ಹಿಡಿದು, "ಚಲೋ ಮಾತಾಡಿದಿ ತಮ್ಮಾ" ಎಂದರು.

ಆ ಬೆಲ್ಲವನ್ನು ಇಂದಿಗೂ ಮಾರುತ್ತಿದ್ದೇನೆ. ಮನೆಗೆ ಮಾತ್ರ ಬೇರೆಯದನ್ನು ತರುತ್ತೇನೆ.